ಸೋಮವಾರ ಎಂದು ಬರೆದ ಕಾಗದ

ಚಂದ್ರ ಭಾವ,

ಆ ಕಾಗದದ ಮೇಲಿನ ಸೈ ನನ್ನದೇ ಎಂದು ಇವತ್ತು ಕುಂದಾಪುರ ಕೋರ್ಟಿನಲ್ಲಿ ಹೇಳಿ ಬಂದೆ. ನೀವು ಕೊನೆಯವರೆಗೂ "ಅದ್ ನಮ್ ರಾಜನ್ ಸೈ ಅಲ್ಲ, ಪೊಲೀಸ್ರೇ ಗೀಚಿದ್ದ್" ಎನ್ನುತ್ತಿದ್ದಿರಿ. ನಾನು ಪಕ್ಕದಲ್ಲೇ ಕೂತು ತಲೆ ಆಡಿಸುತ್ತಿದ್ದೆ.

ಆ ಶನಿವಾರ ಸಂಜೆ ನೀವು ಕೋಡಿಯ ಕಡಲ ದಡದಲ್ಲಿ ಬಲೆ ಸರಿಮಾಡುತ್ತಾ ಕೂತಿದ್ದಿರಿ. ಯಾರದೋ ದೋಣಿಯ ಇಂಜಿನ್ ಕದ್ದಿದ್ದೀರಿ ಎಂದು ಜೀಪು ಬಂತು. ನಾನು ದೊಡ್ಡ ವಕೀಲನ ಹಾಗೆ, "ಹ್ವಾಯ್, ವಾರಂಟ್ ಇತ್ತಾ?" ಎಂದೆ. "ಕಳ್ಳತನದ್ ಕೇಸಿಗೆ ವಾರಂಟ್ ಬೇಡ ಮಾರಾಯ, ಬದಿಗ್ ಹೋಗ್" ಎಂದರು. ಅದು ನಿಜವಂತೆ ಭಾವ. ಗಟ್ಟಿ ಅನುಮಾನವಿದ್ದರೆ ಹಾಗೆಯೇ ಹಿಡಿಯಬಹುದಂತೆ. ಆದರೆ ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು, ಹಿಡಿದ ದಿನ, ಹೊತ್ತು ಬರೆದ ಕಾಗದಕ್ಕೆ ಮನೆಯವರೋ ಊರಿನ ಮರ್ಯಾದಸ್ಥರೋ ಸೈ ಹಾಕಬೇಕು ಎಂದು ನಮ್ಮ ವಕೀಲರು ಆಮೇಲೆ ಹೇಳಿದರು. ಮರ್ಯಾದಸ್ಥರು ಸಿಗಲಿಲ್ಲ, ನಾನು ಸಿಕ್ಕಿದೆ.

ಸೋಮವಾರ ಬೆಳಿಗ್ಗೆ ಠಾಣೆಗೆ ಕರೆಸಿದರು. ಕುರ್ಚಿ ಕೊಟ್ಟರು, ಚಾ ತರಿಸಿದರು. ನಿಮ್ಮನ್ನು ಹಿಡಿದದ್ದು ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಎಂದು ಕಾಗದದಲ್ಲಿತ್ತು. ನಾಲ್ಕನೇ ಕ್ಲಾಸಾದರೂ ಅಷ್ಟು ಓದಲು ಬರುತ್ತದಲ್ಲ. "ಶನಿವಾರ ಅಲ್ದಾ ಸಾರ್?" ಎಂದೆ.

"ಸೈ ಹಾಕಿರೆ ಇವತ್ತೇ ಕೋರ್ಟಿಗೆ ಹೋಪ. ಇಲ್ದಿರೆ ನಿನ್ ಭಾವ ಇಲ್ಲೇ ಇರ್ಲಿ" ಎಂದರು.

ಒಳಗಿಂದ ನಿಮ್ಮ ಕೆಮ್ಮು ಕೇಳಿತು. ಹಾಕಿದೆ. ಇನ್ನೇನು ಮಾಡಬೇಕಿತ್ತು? ಬೇರೆ ಯಾರಾದರೂ ಆಗಿದ್ದರೆ...

ಇಂಜಿನ್ ಬೇರೆಲ್ಲೋ ಸಿಕ್ಕಿತು, ನಿಮ್ಮನ್ನು ಬಿಟ್ಟರು. ಎರಡು ದಿನ ಸುಮ್ಮನೆ ಕೂಡಿಹಾಕಿದ್ದರು ಎಂದು ನೀವು ಕೇಸು ಹಾಕಿದಾಗ ಪೊಲೀಸರು ತೋರಿಸಿದ್ದು ಅದೇ ಕಾಗದ. ದೋಣಿ ಇಳಿಸುವಲ್ಲಿ ಜನ ನಿಮ್ಮನ್ನು ಕಂಡರೆ, "ಹ್ವಾಯ್ ಚಂದ್ರಣ್ಣ, ಇವತ್ತ್ ಯಾವ್ ವಾರ?" ಎಂದು ಕೇಳತೊಡಗಿದರು. ಒಮ್ಮೆ ನಾನೂ ನಕ್ಕುಬಿಟ್ಟೆ. ಅದನ್ನು ನೀವು ನೋಡಿದಿರಾ?

ನೀವು ತೀರಿಹೋದ ಮೇಲೂ ಅಕ್ಕ ಕೇಸು ಬಿಡಲಿಲ್ಲ. ಇವತ್ತು ಸಾಕ್ಷಿ ಹೇಳುವ ಸರದಿ ನನ್ನದು. ಸುಳ್ಳೆಂದು ಗೊತ್ತಿದ್ದೂ ಯಾಕೆ ಸೈ ಹಾಕಿದಿರಿ ಎಂದು ಜಡ್ಜು ಕೇಳಿದರು. "ಹೆದ್ರಿಕೆ ಸ್ವಾಮಿ. ಮತ್ತೆ, ಠಾಣೆಲಿ ನಂಗೆ ಕುರ್ಚಿ ಕೊಟ್ದ್ ಅದೇ ಮೊದ್ಲ್" ಎಂದೆ. ಎಲ್ಲರೂ ನಕ್ಕರು. ನಾನು ನಗಿಸಲು ಹೇಳಿದ್ದಲ್ಲ ಭಾವ. ಜಡ್ಜು ಮಾತ್ರ ನಗಲಿಲ್ಲ. ಹಿಡಿದದ್ದು ಶನಿವಾರ ಸಂಜೆ ಎಂದು ನಾನು ಹೇಳಿದ್ದನ್ನು ಹಾಗೆಯೇ ಬರೆಸಿದರು. ನೀವು ಕೇಳಬೇಕಿತ್ತು.

ಅಕ್ಕನಿಗೆ ಇನ್ನೂ ಗೊತ್ತಿಲ್ಲ. ಮಂಡಿನೋವು, ಕೋರ್ಟಿಗೆ ಬಂದಿರಲಿಲ್ಲ. ನಾನು ಮೆಟ್ಟಿಲು ಹತ್ತುವಾಗಲೇ, "ಸೈ ನಿಂದಲ್ಲ ಅಂತ ಹೇಳ್ದ್ಯಲ್ದಾ?" ಎಂದು ಕೇಳಿದಳು. ಕಾಲು ತೊಳೆದು ಬರುತ್ತೇನೆಂದು ತಪ್ಪಿಸಿಕೊಂಡು ಜಗುಲಿಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಎದ್ದು ಹೋಗುತ್ತೇನೆ, ಮತ್ತೆ ಬಂದು ಕೂರುತ್ತೇನೆ.

"ರಾಜ, ಉಂಬುಕೆ ಬತ್ಯಾ ಇಲ್ಯಾ?" ಒಳಗಿಂದ ಕೂಗುತ್ತಿದ್ದಾಳೆ.

"ಬತ್ತೆ ಅಕ್ಕ" ಅಂದೆ.

ಅವಳು ಬಡಿಸುವ ಮೊದಲೇ ಹೇಳುತ್ತೇನೆ ಭಾವ. ಹೇಳಿದ ಮೇಲೂ ಬಡಿಸಿದರೆ ಉಣ್ಣುತ್ತೇನೆ.