ಇಪ್ಪತ್ತೆರಡು ತಿಂಗಳಿಗೆ ಯಾರ ಸೀಲು?

ವಿದೇಶ ಅಧ್ಯಯನ ಪರವಾನಗಿಯ ದಾಖಲೆ ಪರಿಶೀಲಿಸುವ ಮಾನ್ಯ ಅಧಿಕಾರಿಗಳೇ,

ರಾತ್ರಿ ಎರಡು ಐವತ್ತು. ಹಾಲುಪುಡಿ ಡಬ್ಬದ ಮುಚ್ಚಳದ ಮೇಲಿಟ್ಟಿದ್ದ ಫೋನು ಗುರುಗುಟ್ಟಿ ನನ್ನನ್ನೂ ಮಗಳನ್ನೂ ಒಟ್ಟಿಗೆ ಎಬ್ಬಿಸಿತು. ನಿಮ್ಮ ಕಚೇರಿಯ ಕೊನೆಯ ಜ್ಞಾಪನೆ. ಪದವಿ ಮುಗಿದ ಮೇಲಿನ ಇಪ್ಪತ್ತೆರಡು ತಿಂಗಳು ನಾನು ಏನು ಮಾಡುತ್ತಿದ್ದೆ ಎಂಬುದಕ್ಕೆ ಸಂಸ್ಥೆಯೊಂದರ ಸಹಿ, ಸೀಲು ಇರುವ ಪತ್ರವನ್ನು ಬೆಳಿಗ್ಗೆ ಒಂಬತ್ತರೊಳಗೆ ಸಲ್ಲಿಸದಿದ್ದರೆ ಕಡತ ಮುಚ್ಚಲಾಗುವುದಂತೆ. ಮತ್ತೆ ಸರದಿ ಸಿಗುವುದು ಮೂರು ತಿಂಗಳಿಗೆ. ನನ್ನ ತರಗತಿ ಶುರುವಾಗುವುದು ಐದು ವಾರಕ್ಕೆ. ಅಲ್ಲಿಯ ವಿಶ್ವವಿದ್ಯಾಲಯದವರು ಸೀಟು ಕಾದಿರಿಸುವುದಿಲ್ಲ.

ಆ ಇಪ್ಪತ್ತೆರಡು ತಿಂಗಳು ನಾನೊಂದು ಮಗುವನ್ನು ಹೊತ್ತೆ, ಹೆತ್ತೆ, ಸಾಕಿದೆ. ಇದನ್ನು ಮೂರು ಸಲ ಬರೆದು ತಿಳಿಸಿದ್ದೇನೆ. ಮೂರು ಸಲವೂ ಬಂದ ಉತ್ತರ ಒಂದೇ: "ವಿವರಣೆ ಅಪೂರ್ಣ." ಅಂಕಪಟ್ಟಿಗಳ ಭಾಷಾಂತರ, ವೈದ್ಯಕೀಯ ಪರೀಕ್ಷೆ, ಕಿವಿ ಕಾಣುವಂತೆ ತೆಗೆಸಿದ ಭಾವಚಿತ್ರ, ಎಲ್ಲ ಒಪ್ಪಿತವಾಗಿವೆ. ಒಪ್ಪಿಗೆಯಾಗದೆ ಉಳಿದಿರುವುದು ನಾನು ತಾಯಿಯಾದದ್ದೊಂದೇ!

ಕಳೆದ ವಾರ ಟೋಕನ್ ಹಿಡಿದು ಮೂರು ತಾಸು ಕಾದು ನಿಮ್ಮ ಕೌಂಟರಿನಲ್ಲಿ ಮಗಳ ಲಸಿಕೆ ಕಾರ್ಡು ಕೊಟ್ಟೆ. ಆರು ವಾರ, ಹತ್ತು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳು. ಪ್ರತಿ ಸಾಲಿಗೂ ದಿನಾಂಕ, ನರ್ಸಿನ ಸಹಿ, ಆಸ್ಪತ್ರೆಯ ದುಂಡು ಸೀಲು. ಗುಮಾಸ್ತರು ತಿರುವಿ ನೋಡಿದರು.

"ಮೇಡಂ, ಇದು ಮಗೂದು. ನಿಮ್ದೆಲ್ಲಿ?"

"ಮಗು ತಾನೇ ಬಸ್ ಹತ್ಕೊಂಡು ಹೋಗಿ ಸೂಜಿ ಚುಚ್ಚಿಸ್ಕೊಂಡು ಬಂತಾ ಸರ್?"

"ಅದೆಲ್ಲ ನಂಗೊತ್ತಿಲ್ಲ. ಪಟ್ಟಿಯಲ್ಲಿ ಇದಿಲ್ಲ. ಮುಂದಿನೋರು ಬನ್ನಿ."

ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಮೆಟ್ಟಿಲಿಳಿಯುವ ಹೊತ್ತಿಗೆ ನಗು ಉಳಿದಿರಲಿಲ್ಲ.

ನಿಮ್ಮ ಕಚೇರಿಯೆದುರು ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ತುಂಬಿಸಿಕೊಡುವವರೊಬ್ಬರಿದ್ದಾರೆ. ಅವರಿಗೆ ನನ್ನ ಮುಖ ನೋಡಿಯೇ ಕಾಯಿಲೆ ಗೊತ್ತಾಯಿತು.

"ಇಷ್ಟಕ್ಕೆಲ್ಲ ಯಾಕಕ್ಕಾ ತಲೆ ಕೆಡಿಸ್ಕೋತೀರಾ? ನಮ್ಮ ಭಾವಂದು ಪೈಪ್ ಕಂಪನಿ ಇದೆ. ಎರಡು ವರ್ಷ ಅಲ್ಲೇ ಕೆಲಸ ಮಾಡಿದ್ರಿ ಅಂತ ಪತ್ರ ಕೊಡಿಸ್ತೀನಿ, ಸೀಲ್ ಸಮೇತ."

"ನಾನು ಆ ಕಂಪನಿ ಬಾಗಿಲೂ ನೋಡಿಲ್ವಲ್ಲ!"

"ಕೇಳೋರೂ ನೋಡಿಲ್ಲ ಬಿಡಿ."

ನಾನು ಬೇಡವೆಂದು ಬಂದೆ. ನನ್ನ ಗಂಡ ನಿನ್ನೆ ಸದ್ದಿಲ್ಲದೆ ಹೋಗಿ ಆ ಪತ್ರ ತಂದಿದ್ದಾರೆ. "ಹಾಕ್ಬಿಡೇ, ಈ ಸೀಟು ಇನ್ನೊಂದ್ಸಲ ಬರಲ್ಲ" ಎನ್ನುತ್ತಾರೆ. ನಮ್ಮತ್ತೆ ಮಗನ ಮೇಲೆ ಹರಿಹಾಯ್ದರು: "ನಾಳೆ ಸಿಕ್ಕಿಬಿದ್ರೆ ನೀನು ಹೋಗ್ತೀಯೇನೋ ಜವಾಬು ಕೊಡೋಕೆ? ಅವಳು ರಾತ್ರಿ ಎಷ್ಟು ಸಲ ಎದ್ದಳು ಅಂತ ನಾನು ಬರ್ಕೊಡ್ತೀನಿ. ನನ್ನ ಹೆಬ್ಬೆಟ್ಟಿಗಿಂತ ಸೀಲು ಬೇಕಾ ಅವರಿಗೆ?"

ಬೇಕಲ್ಲವೇ, ಮಾನ್ಯರೇ?

ಸುಳ್ಳು ದಾಖಲೆಗೆ ಐದು ವರ್ಷ ನಿಷೇಧವೆಂದು ನಿಮ್ಮ ಗೋಡೆಯ ಮೇಲೆ ಕೆಂಪಕ್ಷರದಲ್ಲಿದೆ. ನಿಜ ಹೇಳಿದವರು ಏನು ಮಾಡಬೇಕೆಂದು ಯಾವ ಗೋಡೆಯ ಮೇಲೂ ಇಲ್ಲ. ಆ ಪೈಪ್ ಕಂಪನಿಯ ಪತ್ರ ನಿಮ್ಮ ಪಟ್ಟಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆ ಗೊತ್ತೇ? ಪ್ರಾಮಾಣಿಕರನ್ನು ಹೊರಗಿಡುವುದಕ್ಕೇ ಈ ಪಟ್ಟಿ ಮಾಡಿದಿರೋ, ಅಥವಾ ಅದನ್ನು ಬರೆದವರ ಮನೆಯಲ್ಲಿ ಮಕ್ಕಳು ತಾವೇ ಬೆಳೆದವೋ?

ಮಗು ಹೆತ್ತವರ ಓದಿನ ಬಿಡುವಿಗೆ ಯಾವ ಕಾಗದ ಸಾಕು ಎಂದು ನಿಮ್ಮ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿ. ಅದು ನಾಳೆಯ ಮಾತು. ಈ ರಾತ್ರಿಯ ಬೇಡಿಕೆ ಸಣ್ಣದು. ಹೆರಿಗೆ ಆಸ್ಪತ್ರೆಯ ಪತ್ರ ನಡೆಯುತ್ತದೆಯೇ, ಅಥವಾ ನೋಟರಿಯ ಮುಂದೆ ಮಾಡಿಸಿದ ಪ್ರಮಾಣಪತ್ರವೇ? ನೋಟರಿಯವರ ಮನೆ ಎರಡು ಬೀದಿ ಆಚೆ. ಆರಕ್ಕೆ ಗೇಟು ತೆಗೆಯುತ್ತಾರೆ. ನೀವು ಅಷ್ಟರೊಳಗೆ ಹೇಳಿದರೆ ಒಂಬತ್ತಕ್ಕೆ ನಿಜವಾದ ಕಾಗದ ನಿಮ್ಮ ಕೈಲಿರುತ್ತದೆ. ಇದನ್ನು ನಿಮ್ಮ ಕಚೇರಿಯ ಜಾಲಪುಟದಲ್ಲಿ ಎಲ್ಲರಿಗೂ ಕಾಣುವಂತೆ ಹಾಕುತ್ತಿರುವುದೂ, ನಿಮ್ಮನ್ನು ಬಲ್ಲವರು ಯಾರಾದರೂ ಓದಿ ನಿಮ್ಮನ್ನು ಎಬ್ಬಿಸಲೆಂದೇ.

ನನ್ನ ನಂಬರು ಅರ್ಜಿಯ ಮೊದಲ ಪುಟದಲ್ಲಿದೆ. ಬೈಯುವುದಿದ್ದರೆ ಬೈಯಿರಿ, ಕೇಳಿಸಿಕೊಳ್ಳುತ್ತೇನೆ. ಆ ಪೈಪ್ ಕಂಪನಿಯ ಪತ್ರ ಕೈಗೆಟುಕುವಲ್ಲೇ ಇದೆ. ಒಂಬತ್ತಾಗುವ ಹೊತ್ತಿಗೆ ನಾನು ಎಷ್ಟು ಗಟ್ಟಿಯಾಗಿರುತ್ತೇನೋ ನನಗೇ ಗೊತ್ತಿಲ್ಲ. ಬೆಳಗಾಗುವ ಮೊದಲು ಒಂದು ಫೋನು ಮಾಡಿ. ದಮ್ಮಯ್ಯ, ಮಾಡಿ.

ಇಂತಿ,
ನಿಮ್ಮ ಕಡತದಲ್ಲಿ ಇನ್ನೂ ಅಪೂರ್ಣಳಾಗಿರುವವಳು