ಪಾಪ, ಅಜ್ಜಿ

ಸೋಮವಾರ, ಟೊಮೇಟೊ ಕೊಯ್ಲು ಮುಗಿದ ಸಂಜೆ

ನನ್ನ ಚಿನ್ನದಂಥ ಮಗಳಿಗೆ,

ನಾನು ಚೆನ್ನಾಗಿದ್ದೇನೆ, ಮಂಡಿನೋವು ನನಗಿಂತ ಗಟ್ಟಿಮುಟ್ಟಾಗಿದೆ. ಉತ್ತರ ತಡವಾಯಿತು, ಬೈಯಬೇಡ. ಬರೆಯಲು ಕೂತಾಗಲೆಲ್ಲ ಕೈ ಹಿಂದೇಟು ಹಾಕುತ್ತಿತ್ತು.

ಯುದ್ಧದಲ್ಲಿ ಮನೆಮಠ ಕಳೆದುಕೊಂಡು ಬಂದ ಆ ತಾಯಿ ಮತ್ತು ಮಗುವನ್ನು ನಮ್ಮ ತೋಟದ ಮನೆಗೆ ಕಳಿಸಿದವಳು ನೀನು. ಅವರು ಯಾಕೆ ಬಿಟ್ಟುಹೋದರು ಎಂದು ನೀನು ಫೋನಿನಲ್ಲಿ ಕೇಳಿದೆ. ನೀರಿನ ತೊಂದರೆ ಎಂದೆ ನಾನು. ನೀರು ಧಾರಾಳವಾಗಿದೆ ಮಗಳೇ.

ಬಂದ ಹೊಸತರಲ್ಲಿ ಆ ತಾಯಿಯನ್ನು ಕಂಡವರೆಲ್ಲ "ಪಾಪ" ಅನ್ನುತ್ತಿದ್ದರು. ಅಂಗಡಿಯವನು, ಬಸ್ಸಿನ ಕಂಡಕ್ಟರು, ನಾನು. ನಮ್ಮ ಮಾತು ಬಾರದ ಅವಳು, ಇಲ್ಲಿ ಎದುರಾದವರಿಗೆ ಹೀಗೇ ಹೇಳುವುದು ಎಂದುಕೊಂಡಳು. ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು, ನಗುನಗುತ್ತ "ಪಾಪ, ಅಜ್ಜಿ" ಅಂದಳು. ನಾನು ಹೊಟ್ಟೆ ಹಿಡಿದು ನಕ್ಕೆ. ತಾನು ಸರಿಯಾಗಿ ಹೇಳಿದೆ ಎಂದುಕೊಂಡು ಅವಳೂ ನಕ್ಕಳು.

ತಿದ್ದಬಹುದಿತ್ತು. ತಿದ್ದಲಿಲ್ಲ. ಮನೆಗೆ ಯಾರಾದರೂ ಬಂದರೆ ಬೇಕೆಂದೇ ಅವಳನ್ನು ಕರೆಯುತ್ತಿದ್ದೆ. ಡೇರಿಯಲ್ಲಿ ಹಾಲು ಅಳೆಯುವವನು "ಬಂದ್ಲು ನೋಡ್ರಪ್ಪಾ ಪಾಪಮ್ಮ, ದಾರಿ ಬಿಡಿ" ಎಂದು ಶುರುಮಾಡುತ್ತಿದ್ದ. ಅವಳು "ಪಾಪ, ಅಣ್ಣ" ಅನ್ನುವಳು. "ನಮ್ಮ ಹಸುಗೂ ಒಂದ್ಸಲ ಅನ್ನಮ್ಮ, ಬೆಳಿಗ್ಗೆಯಿಂದ ಒದೀತಿದೆ" ಎಂದು ಇನ್ನೊಬ್ಬ. ಕ್ಯಾನು ಹಿಡಿದುಕೊಂಡು ನಾನೂ ನಗುತ್ತಿದ್ದೆ.

ಇಲ್ಲೇ ಒಂದು ತುಂಡು ನೆಲ ಗುತ್ತಿಗೆಗೆ ಹಿಡಿದು ನೆಲೆಯೂರುವ ಆಸೆ ಅವಳಿಗಿತ್ತು. ಮಗುವನ್ನು ಶಾಲೆಗೆ ಹಾಕಿದ್ದಳು. ಹೋದ ತಿಂಗಳು ನಾವಿಬ್ಬರೂ ಟೊಮೇಟೊ ವಿಂಗಡಿಸುತ್ತ ಕೂತಿದ್ದಾಗ ಕೇಳಿದಳು:

"ಅಜ್ಜಿ, ಪಾಪ ಅಂದ್ರೆ ಏನು?"

ನಾನು ತಲೆಯೆತ್ತಲಿಲ್ಲ. "ಚೆನ್ನಾಗಿದ್ದೀರಾ ಅಂತ ಕಣಮ್ಮ."

"ಹೌದಾ" ಅಂದಳು. ಬುಟ್ಟಿ ತುಂಬಿಸಿ ಎದ್ದುಹೋದಳು. ಬೇರೆ ಊರು ನೋಡಿಕೊಡಿ ಎಂದು ನಿನ್ನನ್ನು ಕೇಳಿದ್ದು ಆ ವಾರವೇ.

ಹೊಸ ಊರಿನ ಜನ ಒಳ್ಳೆಯವರಾಗಿರಲಿ. ಇಂಥ ನೆಲೆ ಕಳೆದುಕೊಂಡವರಿಗಾಗಿ ಊರೂರು ಅಲೆಯುವ ನಿನ್ನ ಕಾಲಿಗೆ ಮುಳ್ಳು ತಾಗದಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಮ್ಮ

ತಾ.ಕ.: ಅವರಿಬ್ಬರನ್ನು ಬಸ್ಸು ಹತ್ತಿಸಲು ಹೋಗಿದ್ದೆ. "ಪಾಪ ಅಂದ್ರೆ ಏನಂತ ನಾನು ಶಾಲೇಲಿ ಕಲಿತು ಅಮ್ಮಂಗೆ ಯಾವತ್ತೋ ಹೇಳಿದ್ದೆ" ಎಂದು ಮಗು ಬಾಯಿಬಿಟ್ಟಿತು. ಅಂದರೆ, ಗೊತ್ತಿದ್ದೇ ನನ್ನನ್ನು ಕೇಳಿದ್ದಳು. ಟೊಮೇಟೊ ಚೀಲ ಕೊಟ್ಟೆ, ಅವಳು ಬೇಡ ಅನ್ನಲಿಲ್ಲ. ಬಸ್ಸು ಹೊರಟಾಗ ಕಿಟಕಿಯಿಂದ ನನ್ನ ಮುಖವನ್ನೇ ನೋಡುತ್ತ, ಮೆಲ್ಲಗೆ, "ಪಾಪ" ಅಂದಳು.

ಅರ್ಥ ತಿಳಿದೇ ಅಂದಳು, ಮಗಳೇ.