ಚಪ್ಪಲಿ ಹೊರಗೆ, ಕರೆಂಟು ಒಳಗೆ

ನಮ್ಮ ಓಣಿಯ ನೀರಿನ ಘಟಕದ ನಕ್ಷೆಗೆ ಸಹಿ ಹಾಕಿದ ಇಂಜಿನಿಯರ್ ಸಾಹೇಬರೇ,

ದೇವದುರ್ಗದಲ್ಲಿ ನೀವು ಕಟ್ಟಿಸಿದ ಶುದ್ಧ ನೀರಿನ ಘಟಕ ನೀರಿನ ಜೊತೆ ಕರೆಂಟನ್ನೂ ಕೊಡುತ್ತಿದೆ. ಅದೂ ಶುದ್ಧವಾದದ್ದೇ. ಮೊದಲು ನಿಮಗೆ ಅಭಿನಂದನೆ ಹೇಳಿಬಿಡುತ್ತೇನೆ. ನಾನು ತಳ್ಳುಬಂಡಿಯಲ್ಲಿ ಹವಾಯಿ ಚಪ್ಪಲಿ ಮಾರುವವನು. ಘಟಕ ಶುರುವಾದ ಮೇಲೆ ನನ್ನ ವ್ಯಾಪಾರ ದುಪ್ಪಟ್ಟಾಗಿದೆ. ಕಾಲಲ್ಲಿ ರಬ್ಬರ್ ಇದ್ದರೆ ನಲ್ಲಿ ಮುಟ್ಟಿದಾಗ ಬರೀ ಜುಮ್ಮೆನ್ನುತ್ತದೆ. ಬರಿಗಾಲಾದರೆ ಎತ್ತಿ ಒಗೆಯುತ್ತದೆ. ನಮ್ಮ ಹೆಂಗಸರು ಇದನ್ನು ಒಂದೇ ವಾರದಲ್ಲಿ ಕಂಡುಹಿಡಿದರು. ನಿಮಗೆ ಕಾಲೇಜಿನಲ್ಲಿ ನಾಲ್ಕು ವರ್ಷ ಕೊಟ್ಟಿದ್ದರಂತೆ.

ಆದರೆ ಬಾಗಿಲಲ್ಲೇ ನಿಮ್ಮ ಬೋರ್ಡು: 'ಪಾದರಕ್ಷೆಗಳನ್ನು ಹೊರಗೆ ಬಿಡಿ.' ಕಾವಲುಗಾರ ಇಲ್ಲದಾಗ ಮಾತ್ರ ನಮ್ಮವರು ಚಪ್ಪಲಿ ಹಾಕಿಕೊಂಡು ಒಳಗೆ ಹೋಗುತ್ತಾರೆ. ನಮ್ಮಪ್ಪ ಮೇಲ್ಜಾತಿಯವರ ಓಣಿ ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವನು. ಕಾರಣ ಕೇಳಿದರೆ ಪದ್ಧತಿ ಎನ್ನುತ್ತಿದ್ದರು. ನೀವು ಓದಿದವರು, ನಿಮ್ಮ ಕಾರಣ ಬೇರೆ: ಟೈಲ್ಸ್ ಹೊಲಸಾಗುತ್ತದೆ.

ನನ್ನ ಅಕ್ಕ ಮಾನಮ್ಮ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಹೋದ ತಿಂಗಳು ಕೊಡ ಹಿಡಿದು ಹೋದಾಗ ನಿಮ್ಮ ಕಾವಲುಗಾರ ತಡೆದ.

"ಯವ್ವಾ, ಬೋರ್ಡ್ ಕಾಣ್ಸಂಗಿಲ್ಲೇನು? ಚಪ್ಪಲಿ ಬಿಡು."

"ಬಿಟ್ರ ಕರೆಂಟ್ ಹೊಡಿತದಪ್ಪಾ."

"ಊರ ಮಂದಿಗಿಲ್ಲದ್ದು ನಿನಗೊಬ್ಬಾಕಿಗೇ ಹೊಡಿತದೇನು?"

ಅಕ್ಕ ಬಿಟ್ಟಳು. ನಲ್ಲಿಗೆ ಕೈ ಹಾಕಿದಳು. ಹಾರಿ ಬಿದ್ದು ಬಲಗೈ ಮುರಿದುಕೊಂಡಳು. ನಿಮ್ಮ ಟೈಲ್ಸ್‌ಗೆ ಒಂದು ಗೀರೂ ಬಿದ್ದಿಲ್ಲ, ಚಿಂತೆ ಬೇಡ.

ನಮ್ಮ ಓಣಿಯ ವೈರ್‌ಮನ್ ಹುಸೇನಪೀರನನ್ನು ಕರೆದು ತೋರಿಸಿದೆ. ಅವನು ಘಟಕದ ಹಿಂದೆ ಹೋಗಿ ನೋಡಿ ನಗತೊಡಗಿದ.

"ಉರುಕುಂದಣ್ಣ, ಅರ್ಥಿಂಗ್ ರಾಡ್ ನೆಲಾನ ಮುಟ್ಟಿಲ್ಲ ನೋಡು. ಮೊಳ ಉದ್ದ ಕತ್ತರ್ಸಿ ಸಿಮೆಂಟ್ ಕಟ್ಟಿಯೊಳಗ ಊದಿನಕಡ್ಡಿ ಚುಚ್ಚಿದಂಗ ಚುಚ್ಯಾರ."

"ನಕ್ಷಾದಾಗ ಹಂಗ ಅದನೋ ಏನೋ!"

"ನಕ್ಷಾ ಹಾಳಿ ಮ್ಯಾಲ ಇರ್ತದಣ್ಣ. ಹಾಳಿ ಯಾರಿಗೂ ಶಾಕ್ ಹೊಡಿಯಂಗಿಲ್ಲ."

ಸಾಹೇಬರೇ, ಅವನು ಹೇಳಿದ ವಿಜ್ಞಾನ ನನ್ನ ತಲೆಗೂ ಹೋಯಿತು. ಸೋರಿದ ಕರೆಂಟಿಗೆ ನೆಲ ಸೇರಲು ಸುಲಭದ ದಾರಿ ಬೇಕು. ಅದಕ್ಕೆ ಆಳದ ಗುಂಡಿ, ಇದ್ದಿಲು, ಉಪ್ಪು, ಹಸಿ ಮಣ್ಣು. ಆ ದಾರಿ ನೀವು ಕೊಡದಿದ್ದರೆ ಅದು ಮನುಷ್ಯರ ಮೈಯೊಳಗಿಂದ ದಾರಿ ಮಾಡಿಕೊಳ್ಳುತ್ತದೆ. ಅಥವಾ ನಿಮ್ಮ ನಕ್ಷೆಯಲ್ಲಿ ಅರ್ಥಿಂಗ್ ಅಂದರೆ ಮಾನಮ್ಮನೇ ಏನು? ನೀರು ಸೋಸುವ ಮಷೀನು ಕೊಡಗಟ್ಟಲೆ ಉಪ್ಪುನೀರನ್ನು ಚರಂಡಿಗೆ ಬಿಡುತ್ತದೆ. ಅದರಲ್ಲಿ ಒಂದು ಚೊಂಬು ಆ ಗುಂಡಿಗೆ ಹರಿಸಿದ್ದರೆ ನೆಲ ಹಸಿಯಾಗಿರುತ್ತಿತ್ತು. ಉಪ್ಪೂ ಅದರಲ್ಲೇ ಇತ್ತು. ಗುಂಡಿಯೊಂದೇ ಇರಲಿಲ್ಲ. ಉದ್ಘಾಟನೆಯ ಕಲ್ಲಿಗೆ ಮಾತ್ರ ಎರಡು ಅಡಿ ಆಳ ತೋಡಿದ್ದೀರಿ. ನಿಮ್ಮೆಲ್ಲರ ಹೆಸರು ಗಟ್ಟಿಯಾಗಿ ನೆಲ ಹಿಡಿದಿದೆ.

ನಿಮ್ಮ ಕಚೇರಿಗೂ ಬಂದೆ. ನಿಮ್ಮ ಕುರ್ಚಿ ಖಾಲಿ, ಮೇಲೆ ಫ್ಯಾನು ತಿರುಗುತ್ತಿತ್ತು. ಗುಮಾಸ್ತರು ಕೇಳಿದರು:

"ಯಾರರ ತೀರ್ಕೊಂಡಾರೇನು?"

"ಇಲ್ರಿ ಸರ, ಅಕ್ಕನ ಕೈ ಮುರದದ."

"ಕೈಗೆಲ್ಲಾ ಎನ್‌ಕ್ವಾಯರಿ ಆಗಂಗಿಲ್ಲಪ್ಪ."

"ಪೂರ್ತಿ ಸತ್ತು ಬರ್ಬೇಕಾಗಿತ್ತೇನ್ರಿ?"

"ಹಂಗ ನಾ ಹೇಳಿಲ್ಲ. ಅರ್ಜಿ ಇಟ್ಟು ಹೋಗು."

ಮನೆಗೆ ಬಂದು ಅಕ್ಕನಿಗೆ ಹೇಳಿದೆ: "ಅಕ್ಕಾ, ನೀ ಸ್ವಲ್ಪ ಅವಸರ ಮಾಡಿ ಸತ್ತಿದ್ರ ಎನ್‌ಕ್ವಾಯರಿ ಆಗ್ತಿತ್ತು." ಅವಳು ನಗಲಿಲ್ಲ. ಐವತ್ತು ವರ್ಷದಲ್ಲಿ ನನ್ನ ಮಾತಿಗೆ ಅವಳು ನಗದೇ ಇದ್ದದ್ದು ಅದೇ ಮೊದಲು.

ಬರುವ ಗುರುವಾರ ಅವಳ ಕೈಯ ಪ್ಲಾಸ್ಟರ್ ಬಿಚ್ಚುತ್ತಾರೆ. ಎಲುಬು ಕೂಡಿದೆ, ಇನ್ನೊಮ್ಮೆ ಮುರಿದರೆ ರೊಟ್ಟಿ ಬಡಿಯುವ ಮಾತು ಬಿಡಬೇಕು ಎಂದು ಡಾಕ್ಟರು ಹೇಳಿದ್ದಾರೆ. ನಮ್ಮ ಓಣಿಯ ಬೋರಿನ ನೀರು ಬಾಯಿಗೆ ಇಡಲಾಗದು. ಹಾಗಾಗಿ ಶುಕ್ರವಾರ ಬೆಳಿಗ್ಗೆ ಅವಳು ಕೊಡ ಎತ್ತಿಕೊಂಡು ಅದೇ ನಲ್ಲಿಗೆ ಹೋಗುತ್ತಾಳೆ. ಗುರುವಾರದೊಳಗೆ ಗುಂಡಿ ತೋಡಿಸಿ. ಆಗದಿದ್ದರೆ ಶುಕ್ರವಾರ ಅವಳಿಗಿಂತ ಮೊದಲು ಬಂದು ಆ ನಲ್ಲಿಯನ್ನು ನಿಮ್ಮ ಕೈಯಿಂದಲೇ ತಿರುಗಿಸಿ. ಸಹಿ ಹಾಕಿದ ಕೈಯಿಂದ.

ಇಂತಿ,
ಮೂರನೇ ಕ್ಲಾಸಿಗೇ ಶಾಲೆ ಬಿಟ್ಟರೂ ನಿಮಗೆ ಪಾಠ ಹೇಳುವ ಗತಿ ಬಂದ
ಉರುಕುಂದಪ್ಪ, ದೇವದುರ್ಗ